ಟೇಲರಣ್ಣನ ನಡಿಗೆ, ನನ್ನ ಹಿಮ್ಮಡಿ

ಒಂದು ಕಾಲು ಹೊಸ ಪ್ಯಾಂಟಿನೊಳಗಿತ್ತು, ಇನ್ನೊಂದು ಹೊರಗಿತ್ತು. ಅಷ್ಟರಲ್ಲಿ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಗಿ, ನಾನು ಟೇಲರ್ ಅಂಗಡಿಯ ಪರದೆ ಹಿಡಿದುಕೊಂಡೆ. ಪರದೆ ನನ್ನನ್ನು ಹಿಡಿದುಕೊಳ್ಳಲಿಲ್ಲ. ಕಂಬಿ ಸಮೇತ ಹೊರಗೆ ಬಿದ್ದವನನ್ನು ಅಳತೆ ಕೊಡಲು ಬಂದಿದ್ದ ಮೂವರು ಹೆಂಗಸರು ಕಣ್ತುಂಬ ನೋಡಿದರು. ನನ್ನ ಹೆಂಡತಿಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೇಲರ್ ನಗಲಿಲ್ಲ. ತುಟಿಯ ನಡುವಿನ ಗುಂಡುಸೂಜಿ ತೆಗೆದು, "ಹಿಮ್ಮಡಿನಾ ಸಾರ್?" ಅಂದರು.

ಆ ಮನುಷ್ಯನನ್ನು ಕಂಡರೆ ನನಗೆ ಮೊದಲೇ ಹೊಟ್ಟೆಯುರಿ. ಇಪ್ಪತ್ತು ವರ್ಷ ಸಂಜೆಯ ಹೊತ್ತು ನನ್ನ ಜೊತೆ ನೀರಿನ ಟ್ಯಾಂಕಿನವರೆಗೆ ನಡೆದವಳು, ನನ್ನ ಕಾಲು ಕೈಕೊಟ್ಟ ಮೇಲೆ ಅವರ ಜೊತೆ ಹೋಗತೊಡಗಿದ್ದಳು.

"ಟೇಲರಣ್ಣಂಗೆ ಅರವತ್ತೆರಡು ರೀ. ಜಿಂಕೆ ಹಾಗೆ ನಡೀತಾರೆ."

ಅವಳಿಗೆ ಅಣ್ಣ ಅಂದರೆ ನನಗೆ ಭಾವ. ಈ ನೆಂಟಸ್ತನ ನನ್ನ ಹೊಟ್ಟೆಗೆ ಮಾತ್ರ ಒಪ್ಪಿಗೆಯಾಗಲಿಲ್ಲ.

ನಲವತ್ತು ವರ್ಷದಿಂದ ಅವರದು ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು. ನಡುವೆ ಒಮ್ಮೆ ಮೋಟಾರ್ ಹಾಕಿಸಿದ್ದರಂತೆ. ಪಾದಕ್ಕೆ ಕೆಲಸ ತಪ್ಪಿತು, ಮೀನಖಂಡ ಬಿಗಿಯಿತು, ಹಿಮ್ಮಡಿ ಹಿಡಿಯಿತು. ಆರು ತಿಂಗಳಿಗೇ ಮೋಟಾರ್ ಬಿಚ್ಚಿ ಮತ್ತೆ ತುಳಿಯಲು ಕೂತರು. ಈಗ ಆ ಮೋಟಾರ್ ಅಂಗಡಿ ಬಾಗಿಲು ಬಡಿಯದಂತೆ ಒತ್ತಾಗಿ ಕೂತಿದೆ. ಬಿದ್ದವನನ್ನು ಎಬ್ಬಿಸಿ ಕೂರಿಸಿ, ತಮ್ಮ ಹಿಮ್ಮಡಿಯನ್ನು ಸರಿಮಾಡಿದ ಉಪಾಯವನ್ನು ನನಗೂ ಹೇಳಿಕೊಟ್ಟರು.

"ಬೆಳಿಗ್ಗೆ ಹಾಸಿಗೆಯಿಂದ ಇಳಿಯೋ ಮುಂಚೆ ಪಾದಕ್ಕೆ ಟವೆಲ್ ಸುತ್ತಿ ಹಿಡ್ಕೊಂಡು, ಬೆರಳು ನಿಮ್ಮ ಕಡೆಗೆ ಎಳ್ಕೊಳ್ಳಿ. ಮೂವತ್ತು ಎಣಿಸಿ. ಆಮೇಲೆ ಗೋಡೆಗೆ ಕೈ ಊರಿ, ಹಿಂದಿನ ಹಿಮ್ಮಡಿ ನೆಲ ಬಿಡದ ಹಾಗೆ ಮುಂದಕ್ಕೆ ಬಾಗಿ. ಅಷ್ಟೇ."

ಅವರದು ಮೂವತ್ತಾದರೆ ನನ್ನದು ನೂರು. ವಾರದೊಳಗೆ ಹೆಂಡತಿಯನ್ನು ವಾಪಸ್ ಪಡೆಯಬೇಕೆಂದು ಎತ್ತಿನ ಹಗ್ಗ ಜಗ್ಗುವಂತೆ ಜಗ್ಗಿದೆ. ನಾಲ್ಕನೇ ದಿನ ಬಚ್ಚಲಿಗೂ ಗೋಡೆ ಹಿಡಿದು ಹೋಗುವಂತಾಯಿತು.

ಕುಂಟುತ್ತಾ ಅಂಗಡಿಗೆ ಹೋದೆ. ಅವರು ಹೊಲಿಗೆ ಹಾಕಿದ್ದ ಒಂದು ಚಿಂದಿಯನ್ನು ಗಕ್ಕನೆ ಎಳೆದರು. ದಾರ ಪಟ್ಟೆಂದು ಹರಿಯಿತು. ಅಂಥದೇ ಇನ್ನೊಂದನ್ನು ಮೆಲ್ಲಗೆ ಎಳೆದು ಹಿಡಿದರು. ಬಟ್ಟೆ ಹಿಗ್ಗಿತು, ದಾರ ಉಳಿಯಿತು.

"ಎಳೆತ ಗೊತ್ತಾಗ್ಬೇಕು, ನೋವು ಗೊತ್ತಾಗ್ಬಾರ್ದು. ಯಾರ ಜೊತೆ ಪಂದ್ಯ ಸಾರ್ ನಿಮ್ದು?"

ಹರಿಯದ ಚಿಂದಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿಕೊಂಡು, ಅವರು ಹೇಳಿದಷ್ಟೇ ಎಳೆದೆ. ಎರಡು ತಿಂಗಳು ಹಿಡಿಯಿತು. ನಿನ್ನೆ ಮೂವರೂ ಟ್ಯಾಂಕಿನವರೆಗೆ ಹೋದೆವು. ಜಿಂಕೆ ನನಗೋಸ್ಕರ ಆಮೆಯಾಗಿ ನಡೆಯಿತು, ಅದನ್ನೂ ನನಗೆ ಸಹಿಸಲಾಗಲಿಲ್ಲ. ಹೆಂಡತಿ ದಾರಿಯಲ್ಲಿ ಸಿಕ್ಕ ಗೆಳತಿಯ ಜೊತೆ ಮಾತಿಗೆ ನಿಂತಾಗ, ಇಷ್ಟು ದಿನ ನುಂಗಿಕೊಂಡಿದ್ದನ್ನು ಕೇಳಿಯೇ ಬಿಟ್ಟೆ.

"ಅಲ್ಲಾ, ದಿನಾ ಒಂದು ಗಂಟೆ ನೀವಿಬ್ರೂ ಅಂಥದ್ದೇನು ಮಾತಾಡ್ತಿದ್ರಿ?"

ಟೇಲರಣ್ಣ ಕೊರಳಲ್ಲಿದ್ದ ಟೇಪು ಸರಿಮಾಡಿಕೊಂಡರು.

"ನಿಮ್ಮ ಹಿಮ್ಮಡಿ."