ಫೂಟಿಗೆ ಫೀಟು, ತಪ್ಪಿದರೆ ಏಟು

ಮಗಳ ಇಂಗ್ಲಿಷ್ ಪುಸ್ತಕದಲ್ಲಿ ಇವತ್ತು ಬಹುವಚನದ ಪಟ್ಟಿ ನೋಡಿದೆ. ಎಡಗೆನ್ನೆ ತಾನಾಗಿಯೇ ಬಿಸಿಯಾಯಿತು.

ಸಿರಾ ಹತ್ತಿರದ ನಮ್ಮೂರ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು "ಫೂಟಿಗೆ ಫೀಟು, ತಪ್ಪಿದ್ರೆ ಏಟು" ಎನ್ನುತ್ತಿದ್ದರು. ಆ ಏಟನ್ನೂ ಅವರೇ ಕೊಡುತ್ತಿರಲಿಲ್ಲ. ಸರಿ ಹೇಳಿದವರು ತಪ್ಪು ಹೇಳಿದವರ ಮೂಗು ಹಿಡಿದು ಕೆನ್ನೆಗೆ ಬಾರಿಸಬೇಕಿತ್ತು.

ಹೀಗೆ ಒಮ್ಮೆ ನಾನು ಹೊಡೆದಿದ್ದಕ್ಕೆ ಜೀವದ ಗೆಳೆಯ ಕರಿಯಣ್ಣ ಮೂರು ದಿನ ಮಾತು ಬಿಟ್ಟಿದ್ದ. ಇನ್ನೊಂದು ಏಟಿಗೆ ಗೆಳೆತನವೇ ಮುಗಿದೀತೆಂದು ಹೆದರಿ, ಅವನು ಕುರಿ ಮೇಯಿಸುವಲ್ಲಿಗೇ ಹೋಗಿ ಬಾಯಿಪಾಠ ಮಾಡಿಸಿದೆ.

"ಒಂದು ಕುರಿನೂ ಶೀಪು, ನೂರು ಕುರಿನೂ ಶೀಪು. ಇವ್ರಿಗೆ ಎಣಿಸಾಕೆ ಬರಲ್ವೇನ್ಲಾ?"

"ಸುಮ್ನೆ ಕಲಿಯಲೇ. ಆ್ಯಂಗರ್ ಅಂದ್ರೆ ಕೋಪ. ಅದಕ್ಕೆ ಬಹುವಚನ ಇಲ್ಲ."

"ಅವ್ರು ನಮ್ಮಪ್ಪನ್ನ ನೋಡಿಲ್ಲ ಬುಡು."

ಮರುದಿನ ಮೇಷ್ಟ್ರು ಕೇಳಿದ್ದು ಆ್ಯಂಗರ್ ಪದದ ಬಹುವಚನವನ್ನೇ. ಕರಿಯಣ್ಣ ಎದ್ದು ತಲೆ ಕೆರೆದುಕೊಂಡ. ಸರದಿ ನನಗೆ ಬಂತು. ಉತ್ತರ ಹೇಳಿದರೆ ಅವನಿಗೆ ಹೊಡೆಯಬೇಕಲ್ಲ ಎಂದು "ಗೊತ್ತಿಲ್ಲ ಸಾ" ಅಂದೆ. ಆಗ ಪುಣ್ಯಾತ್ಮನಿಗೆ ನೆನಪಾಯಿತು. "ಅದಕ್ಕೆ ಬಹುವಚನ ಇಲ್ಲ ಸಾ" ಅಂದವನೇ ನನ್ನ ಮೂಗು ಹಿಡಿದು ಬಾರಿಸಿದ. ಕಿವಿ ಗುಂಯ್ ಎಂದಿತು.

ಮನೆಗೆ ಹೋಗುವಾಗ ಹೆಗಲ ಮೇಲೆ ಕೈ ಹಾಕಿ, "ಸರಿಯಾಗಿ ಓದ್ಕಂಡು ಬಾರ್ಲಾ. ನಿಂಗೆ ಹೊಡಿಯಾಕೆ ನಂಗೆ ಬೇಜಾರಾಗ್ತದೆ" ಅಂದ.

ಈಗಲೂ ಸಂತೆಯಲ್ಲಿ ಸಿಕ್ಕರೆ, ನನಗೆ ಇಂಗ್ಲಿಷ್ ಕಲಿಸಿದ್ದು ತಾನೇ ಎಂದು ಪಕ್ಕದವರಿಗೆ ಹೇಳುತ್ತಾನೆ. ಗೆಳೆತನ ಉಳಿಯಲಿ ಎಂದು ನಾನೂ ಹೂಂ ಅನ್ನುತ್ತೇನೆ.