ಚೌಡಮ್ಮನ ಬನಕ್ಕೆ ಬೋರ್ಡು

ಗೆಳೆಯರೇ, ನಮ್ಮ ಆಂಥೂರಿಯಂ ಹೂವು ಪರಿಸರಕ್ಕೆ ಹಾನಿ ಮಾಡದೆ ಬೆಳೆದದ್ದು ಅಂತ ಸರ್ಟಿಫಿಕೇಟ್ ಇದ್ದರೆ ಮಾತ್ರ ಹೊರದೇಶದವರು ಕೊಳ್ಳುತ್ತಾರಂತೆ. ಅದನ್ನು ಕೊಡುವ ಇನ್ಸ್‌ಪೆಕ್ಟರ್ ಇವತ್ತು ನಮ್ಮ ಎಸ್ಟೇಟಿಗೆ ಬಂದಿದ್ದರು. ಗೊಬ್ಬರ, ಔಷಧಿ ಎಲ್ಲ ನೋಡಿ ತಲೆಯಾಡಿಸಿದರು. ಕೊನೆಗೆ ತೋಟದಂಚಿನ ದೇವರಕಾಡು, ಚೌಡಮ್ಮನ ಬನದ ಹತ್ತಿರ ಬಂದು, ಚೀಲದಿಂದ ‘ಮರ ಕಡಿಯಬಾರದು’ ಎಂಬ ತಗಡಿನ ಬೋರ್ಡು ಹೊರತೆಗೆದರು.

"ಇದನ್ನ ಒಳಗಿನ ದೊಡ್ಡ ಮರಕ್ಕೆ ಹೊಡೆಸಿ ಮೇಡಂ. ಬೋರ್ಡ್ ಇಲ್ದಿದ್ರೆ ಸಂರಕ್ಷಿತ ಕಾಡು ಅಂತ ಬರೆಯೋಕಾಗಲ್ಲ."

"ಈ ಬನದಿಂದ ಒಂದು ಒಣಪುಳ್ಳೆನೂ ಯಾರೂ ತರಲ್ಲ ಮಾರಾಯ್ರೆ. ಕತ್ತಿ ಹಿಡ್ಕೊಂಡು ಒಳಗೆ ಕಾಲಿಡಲ್ಲ. ಮರಕ್ಕೆ ಮೊಳೆ ಹೊಡೆಯೋಕೆ ನಾನಂತೂ ಬಿಡಲ್ಲ."

"ಬೋರ್ಡ್ ಇಲ್ದೆ ಜನಕ್ಕೆ ಹೇಗೆ ಗೊತ್ತಾಗುತ್ತೆ?" ಎನ್ನುತ್ತಾ ಅವರೇ ಸುತ್ತಿಗೆ ಹಿಡಿದು ಹೊರಟರು. ಬನದ ಅಂಚಿಗೆ ಹೋದವರು ನಿಂತು, ಬಗ್ಗಿ, ಬೂಟು ಬಿಚ್ಚತೊಡಗಿದರು.

"ಬೂಟು ಬಿಚ್ಚಬೇಕು ಅಂತ ಯಾವ ಬೋರ್ಡಲ್ಲಿತ್ತು ಸರ್?" ಎಂದೆ.

ಅವರು ಮತ್ತೆ ಬೂಟು ಏರಿಸಿ, ಬೋರ್ಡನ್ನು ನನ್ನ ಕೈಗಿತ್ತು ಜೀಪು ಹತ್ತಿದರು.

ಸರ್ಟಿಫಿಕೇಟ್ ಬಂದರೆ ಬರಲಿ, ಬಿಟ್ಟರೆ ಬಿಡಲಿ. ಬೋರ್ಡಿನ ತಗಡು ಮಾತ್ರ ಒಳ್ಳೇದು, ಕೋಳಿಗೂಡಿನ ತೂತಿಗೆ ಸರಿಯಾಗಿ ಕೂತಿದೆ.