ತೊಂಬತ್ತೇಳು ಹಿತ್ತಾಳೆ ಬುಷ್

ಮೊನ್ನೆ ನೀರಿನ ಮೋಟರ್ ರಿಪೇರಿಗೆ ಬಂದವನು ಎಣ್ಣೆ ಒರೆಸಿದ ಬಟ್ಟೆಯನ್ನು ಅಂಗಳದಲ್ಲೇ ಬಿಟ್ಟುಹೋಗಿದ್ದ. ಎತ್ತಿ ಎಸೆಯಲು ಹೋದವಳು ಮೂಗು ಮುಚ್ಚಿಕೊಂಡು ಹಿಂದೆ ಸರಿದೆ. ಪೀಣ್ಯದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆ ಶೆಡ್ಡಿನ ವಾಸನೆ ಅದು...

ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಮಾಕಳಿಯಲ್ಲಿ ರೂಮು ಹಿಡಿದು ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದೆ. ಪಕ್ಕದ ರೂಮಿನವಳು ಯಾದಗಿರಿ ಕಡೆಯವಳು, ಅದೇ ಶೆಡ್ಡಿಗೆ ಬರುತ್ತಿದ್ದಳು. ನನ್ನ ಹಾಗೆ ಬಾಯಿಸತ್ತವಳಲ್ಲ. ಬಸ್ಸಿನಲ್ಲಿ ಜಗಳವಾಡಿ ನನಗೂ ಸೀಟು ಹಿಡಿಯುತ್ತಿದ್ದಳು.

ಸಂಜೆ ಉಳಿದ ಹಿತ್ತಾಳೆ ಬುಷ್‌ಗಳನ್ನು, ಅಂದರೆ ಬಳೆಯಂಥ ಚಿಕ್ಕ ಭಾಗಗಳನ್ನು, ಮೇಜಿನ ಮೇಲೆ ಸಮ ಸಾಲುಗಳಲ್ಲಿ ಜೋಡಿಸಿ ತೋರಿಸಬೇಕಿತ್ತು. ಸೂಪರ್‌ವೈಸರ್ ಎಣಿಸುತ್ತಿರಲಿಲ್ಲ. ಸಾಲುಗಳು ಸಮವಾಗಿದ್ದರೆ ಕಳುವಾಗಿಲ್ಲ ಎಂದೇ ಅವನ ನಂಬಿಕೆ. ಹೊಂದದ ದಿನ ನಾವು ಗುಜರಿ ಡಬ್ಬದಿಂದ ಒಂದನ್ನು ತೆಗೆದು ಸೇರಿಸಿಬಿಡುತ್ತಿದ್ದೆವು.

ಆ ದಿನ ಗುಜರಿ ಡಬ್ಬ ಖಾಲಿಯಾಗಿತ್ತು. ಜೋಡಿಸುವ ಸರದಿ ಅವಳದು. ಐದು ಸಾಲು ಮಾಡಿದಳು, ಆರು ಮಾಡಿದಳು, ಕೂರಲಿಲ್ಲ. ಏಳು ಸಾಲು ಮಾಡಿದಾಗ ಕೊನೆಯದರಲ್ಲಿ ಒಂದು ಕಡಿಮೆ ಬಿತ್ತು.

“ಇನ್ನೊಂದು ಎಲ್ಲಿ ಹೋಯ್ತಮ್ಮಾ? ರೆಕ್ಕೆ ಬಂದು ಹಾರೋಯ್ತಾ?” ಎಂದ ಸೂಪರ್‌ವೈಸರ್.

“ಇದ್ದದ್ದೇ ಇಷ್ಟು ರೀ ಸರ.”

ಅವನು ಅವಳ ಬುತ್ತಿ ಬಿಚ್ಚಿಸಿದ. ಗುಟ್ಕಾ ಹತ್ತಿದ ಬೆರಳನ್ನು ಉಳಿದ ಅನ್ನದೊಳಗೆ ತೂರಿಸಿ ತಡಕಿದ. ಆಮೇಲೆ ಎಲ್ಲರೆದುರು ಸೆರಗು ಕೊಡವಲು ಹೇಳಿದ. ಅವಳು ಕೊಡವಿದಳು. ಅವನು ಹಲ್ಲು ಕಿರಿದು ನೋಡುತ್ತ ನಿಂತ. ಥೂ, ಈಗಲೂ ಅಸಹ್ಯವಾಗುತ್ತದೆ.

ನಾನು ಅಷ್ಟರಲ್ಲಿ ಎಣಿಸಿದ್ದೆ. ತೊಂಬತ್ತೇಳು. ಊರ ಶಾಲೆಯಲ್ಲಿ ಮೇಷ್ಟ್ರು ಹುಣಸೆ ಬೀಜ ಹರಡಿ ಕಲಿಸಿದ್ದರು. ಕೆಲವು ಸಂಖ್ಯೆಗಳು ಒಂದೇ ಒಂದು ಉದ್ದನೆಯ ಸಾಲಾಗಿ ನಿಲ್ಲುತ್ತವೆಯೇ ಹೊರತು ಸಮ ಸಾಲುಗಳಾಗಿ ಒಡೆಯುವುದಿಲ್ಲ. ನಿಮ್ಮ ಪುಸ್ತಕದ ಅವಿಭಾಜ್ಯ ಸಂಖ್ಯೆ ಅದೇ. ತೊಂಬತ್ತೇಳನ್ನು ಎರಡು, ಮೂರು, ಐದು, ಏಳರಿಂದ ಭಾಗಿಸಿ ನೋಡಿದರೆ ಸಾಕು, ಯಾವುದರಿಂದಲೂ ಸರಿಯಾಗಿ ಹೋಗುವುದಿಲ್ಲ. ಹತ್ತು ಹತ್ತಲ ನೂರಾಗುವುದರಿಂದ, ನೂರಕ್ಕಿಂತ ಕಡಿಮೆಯದು ಒಡೆಯುವುದಾದರೆ ಹತ್ತರೊಳಗಿನ ಸಂಖ್ಯೆಯಿಂದಲೇ ಒಡೆಯಬೇಕು, ಅದರಾಚೆ ಹುಡುಕಬೇಕಾಗಿಲ್ಲ. ಸಾಲು ಕೂರದಿದ್ದದ್ದು ಆ ಸಂಖ್ಯೆಯ ಗುಣ, ಕಳುವಿನ ಗುರುತಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ಅವಳು ನನ್ನ ಮುಖವನ್ನೇ ನೋಡಿದಳು. ನಾನು ತಲೆ ತಗ್ಗಿಸಿದೆ.

ಮರುದಿನ ಅವಳನ್ನು ಗೇಟಿನೊಳಗೆ ಬಿಡಲಿಲ್ಲ. ಸಂಜೆ ಅವಳ ರೂಮಿಗೆ ಹೋಗಿ, ನೆಲದ ಮೇಲೆ ಕಡಲೆಕಾಳು ಜೋಡಿಸಿ ಎಲ್ಲವನ್ನೂ ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿದಳು.

“ಇದನ್ನ ನಿನ್ನೆ ಹೇಳಬೇಕಿತ್ತಲ್ಲಕ್ಕ,” ಎಂದಳು. ಕಾಳುಗಳನ್ನು ಬಳಿದು ಡಬ್ಬಕ್ಕೆ ಹಾಕಿಕೊಂಡಳು.

ವಾರದೊಳಗೆ ಅವಳು ರೂಮು ಖಾಲಿ ಮಾಡಿ ಹೋದಳು...

ಆ ಸೂಪರ್‌ವೈಸರ್‌ನನ್ನು ನೆನೆದರೆ ಹೇಸಿಗೆಯಾಗುತ್ತದೆ. ನನ್ನನ್ನು ನೆನೆದರೂ ಅಷ್ಟೇ. ಎದುರು ಕೂತು ಹೇಳಲು ನಾಚಿಕೆಯಾಗಿ ನಿಮಗಿದನ್ನು ಬರೆಯುತ್ತಿದ್ದೇನೆ. ಅವಳನ್ನು ಹುಡುಕೋಣವೆಂದರೆ ಯಾದಗಿರಿ ಕಡೆಯವಳು ಎಂಬುದಷ್ಟೇ ಗೊತ್ತು. ಯಾವ ಊರು ಎಂದು ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ.